ಹಳೆಯ ಸ್ಟೇಷನ್ ಕಟ್ಟಡ ಮತ್ತೆ ಹಿತ್ತಲ ರೈಲಿನ ಪಕ್ಕ ನಿಲ್ಲಿಸಬೇಕು, ಮಾಡಿ ನೋಡಿದವರು ಹೇಳಿ

ಬಾಗಲಕೋಟೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 45 ಮಿ.ಮೀ. ಹಳಿಯ (ಎರಡು ಹಳಿಗಳ ನಡುವಿನ ಅಂತರ ಅಷ್ಟು) ಸಣ್ಣ ರೈಲು ಇದೆ, ನಾನು ಮತ್ತು ಮಗಳು ಸೇರಿ ಹಾಕಿದ್ದು. ಹೋದ ತಿಂಗಳು ಪುಣೆಯ ಒಬ್ಬರಿಂದ ಪ್ಲಾಸ್ಟಿಕ್ ಸ್ಟೇಷನ್ ಕಟ್ಟಡ ಸೆಕೆಂಡ್‌ಹ್ಯಾಂಡ್ ತಗೊಂಡೆ. ಚಾವಣಿ ಬೆಳ್ಳಗಾಗಿದೆ, ಒಂದು ಮೂಲೆಯಲ್ಲಿ ಗೋಡೆ ಬಿಟ್ಟುಕೊಂಡಿದೆ, ಒಂದು ಕಿಟಕಿ ಇಲ್ಲವೇ ಇಲ್ಲ. ಮೊದಲು ಏನು ಮಾಡಲಿ? ಬಣ್ಣ ಹೊಡೆದರೆ ಸಾಕಾ? ವರ್ಷವಿಡೀ ಹೊರಗೇ ಇರಬೇಕು ಅಂತ ಆಸೆ.

ವಿಜಯಪುರದಿಂದ:

ಬಣ್ಣ ಸದ್ಯಕ್ಕೆ ಪಕ್ಕಕ್ಕಿಡಿ ಸರ್. ನನ್ನ ಮೊದಲನೇ ಕಟ್ಟಡಕ್ಕೆ ನಾನು ಬಣ್ಣದಿಂದಲೇ ಶುರು ಮಾಡಿದ್ದೆ. ಚೆಂದ ಕಂಡಿತು. ಒಂದು ಮಳೆಗಾಲ ಕಳೆಯೋದ್ರೊಳಗೆ ಅದೇ ಮೂಲೆ ಮತ್ತೆ ಬಾಯಿ ಬಿಟ್ಟಿತು. ಎತ್ತಿ ನೋಡಿದರೆ ಕೆಳಗಿನ ಮಣ್ಣೇ ಒಂದು ಕಡೆ ಉಬ್ಬಿತ್ತು. ನಮ್ಮದು ಎರೆ ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ಇಟ್ಟ ಕಟ್ಟಡ ವರ್ಷಕ್ಕೆರಡು ಸಲ ತಿರುಚಿಕೊಳ್ಳುತ್ತದೆ, ಯಾವ ಅಂಟೂ ಅದನ್ನು ತಡೆಯೋದಿಲ್ಲ. ನಿಮ್ಮ ಹಿತ್ತಲೂ ಎರೆ ಮಣ್ಣಾಗಿದ್ದರೆ ಮೊದಲ ಕೆಲಸ ಪಾಯದ್ದೇ.

ಕಟ್ಟಡಕ್ಕಿಂತ ಸುತ್ತಲೂ ನಾಲ್ಕು ಬೆರಳು ಜಾಸ್ತಿ ಅಗಲಕ್ಕೆ, ಒಂದು ಗೇಣು ಆಳಕ್ಕೆ ಮಣ್ಣು ತೆಗೆಯಿರಿ. ಗರಸು ಹಾಕಿ, ನೀರು ಚಿಮುಕಿಸಿ, ಚೆನ್ನಾಗಿ ಬಡಿದು ಗಟ್ಟಿ ಮಾಡಿ. ಮೇಲೆ ಸಣ್ಣ ಖಡಿ, ಅದರ ಮೇಲೆ ಒಂದು ಶಹಾಬಾದ ಫರ್ಸಿ (ಹಾಸುಗಲ್ಲು). ಫರ್ಸಿ ಅಂಗಡಿಯಲ್ಲಿ ಒಡೆದ ತುಂಡು ಸಿಕ್ಕರೂ ಸಾಕು. ಗೌಂಡಿಯವರು ಬಳಸುವ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಹಳಿಯಿಂದ ಆಚೆಗೆ ನೀರು ಹರಿಯುವಷ್ಟು ಮಾತ್ರ ಇಳಿಜಾರು ಕೊಡಿ.

ಆಮೇಲೆ ತೊಳೆಯುವುದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೇ ಟೂತ್‌ಬ್ರಷ್. ಕುದಿಯುವ ನೀರು ಬೇಡ, ಗೋಡೆ ಸೊಟ್ಟಗಾಗುತ್ತದೆ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಹತ್ತಿರವೂ ತರಬೇಡಿ, ಈ ಕಟ್ಟಡಗಳ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ. ಹಳೇ ಬಣ್ಣ ಅಲ್ಲಲ್ಲಿ ತೆಗೆಯಬೇಕಾದರೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವ ಹತ್ತಿಯಲ್ಲಿ ಅದ್ದಿ ಉಜ್ಜಿ, ಆದರೆ ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ.

ನಿಮ್ಮ ಚಾವಣಿ ಮೇಲೆ ಬೆರಳಾಡಿಸಿ ನೋಡಿ, ವಿಭೂತಿ ಹಾಗೆ ಬೆರಳಿಗೆ ಬರುತ್ತದಾ? ಬಂದರೆ ಅದು ಬಿಸಿಲಿನ ಯುವಿ ಕಿರಣ ತಿಂದ ಮೇಲ್ಪದರ. ಅದರ ಮೇಲೆ ಬಣ್ಣ ನಿಲ್ಲೋದಿಲ್ಲ, ಪುಡಿ ಜೊತೆಗೇ ಎದ್ದು ಬರುತ್ತದೆ. 400 ನಂಬರಿನ ವಾಟರ್ ಪೇಪರ್ (ಉಜ್ಜುಕಾಗದ) ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಆಮೇಲೆ 800. ಹೆಂಚಿನ ಗೆರೆಗಳು ಸವೆಯದ ಹಾಗೆ, ಗೆರೆ ಹೋದ ದಿಕ್ಕಿಗೇ ಉಜ್ಜಬೇಕು. ನನಗೆ ಒಂದು ಚಾವಣಿಗೆ ಎರಡು ಸಂಜೆ ಹಿಡಿಯಿತು. ಅಷ್ಟು ಹೊತ್ತು ಕೊಡುವ ಕೆಲಸ ಅದು, ಅವಸರ ಮಾಡಬೇಡಿ.

ಬಿಟ್ಟ ಮೂಲೆಗೆ ಹಳೇ ಅಂಟು ಪೂರ್ತಿ ಕೆರೆದು ತೆಗೆದು, ಪ್ಲಾಸ್ಟಿಕ್ ಮಾಡೆಲ್ ಸಿಮೆಂಟ್ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ಒಂದು ದಿನ ಬಿಡಿ. ಒಳಮೂಲೆಗೆ ಚೌಕದ ಪ್ಲಾಸ್ಟಿಕ್ ಪಟ್ಟಿ ಒಂದು ಮೇಲಿಂದ ಕೆಳಗಿನವರೆಗೆ ಅಂಟಿಸಿ, ಜೋಡಣೆಯ ಬಲ ಇರೋದೇ ಅಲ್ಲಿ. ಯಾರಾದರೂ ಹಿಂದೆ ಸೂಪರ್ ಗ್ಲೂ ಹಾಕಿ ಸೊಟ್ಟಗೆ ಅಂಟಿಸಿದ್ದರೆ ಆ ಭಾಗವನ್ನು ಎರಡು ತಾಸು ಫ್ರೀಜರಿನಲ್ಲಿ ಇಡಿ. ತಂಪಿಗೆ ಆ ಅಂಟು ಪೆಡಸಾಗಿ, ಸ್ವಲ್ಪ ಒತ್ತಿದರೆ ಬಿಡುತ್ತದೆ.

ಬೆಳಗಾವಿಯಿಂದ:

ವಿಜಯಪುರದ ಅಣ್ಣಾವ್ರು ಹೇಳಿದ್ದು ನಿಜ, ಆದರೆ ನಮ್ಮ ಕಡೆ ಬಿಸಿಲಿಗಿಂತ ಮಳೆಯದೇ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಡದ ಬುಡ ಒಣಗೋದೇ ಇಲ್ಲ, ಉತ್ತರದ ಗೋಡೆ ಪೂರ್ತಿ ಪಾಚಿ. ನಾನಂತೂ ಜೂನ್ ಮೊದಲ ವಾರಕ್ಕೆ ಎಲ್ಲ ಕಟ್ಟಡ ಎತ್ತಿ ಮಾಳಿಗೆಗೆ ಸೇರಿಸುತ್ತೇನೆ, ಫರ್ಸಿ ಮಾತ್ರ ಅಲ್ಲೇ ಇರುತ್ತದೆ. ಅದಕ್ಕೇ ಕಟ್ಟಡವನ್ನು ಫರ್ಸಿಗೆ ಅಂಟಿಸಬೇಡಿ, ಎರಡು ಸ್ಕ್ರೂ ಸಾಕು.

ನೆಲದ ತಟ್ಟೆ ಇದ್ದರೆ ಮೂಲೆಗಳಲ್ಲಿ 6 ಮಿ.ಮೀ. ತೂತು ಹಾಕಿ, ಒಳಗೆ ಬಂದ ನೀರು ಹೋಗಲಿ. ತೂತಿಗೆ ಸೊಳ್ಳೆ ಪರದೆಯ ಜಾಳಿಗೆ ಅಂಟಿಸೋದು ಮರೀಬೇಡಿ. ನಮ್ಮ ಗುಡ್ಸ್ ಶೆಡ್ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಅದನ್ನು ಬಿಡಿಸೋವಾಗ ಬಾಗಿಲ ಚೌಕಟ್ಟು ಮುರಿಯಿತು.

ಕಿಟಕಿಗೆ ಒಂದು ದಾರಿ ಹೇಳ್ತೀನಿ. ಇರುವ ಕಿಟಕಿಯೊಂದನ್ನು ಬಿಚ್ಚಿ, ಅಳತೆ ಪಟ್ಟಿ ಪಕ್ಕಕ್ಕಿಟ್ಟು ನೇರವಾಗಿ ಮೇಲಿಂದ ಫೋಟೋ ತೆಗೆದು, ನೇಮ್ ಬೋರ್ಡ್ ಮಾಡುವವರ ಹತ್ತಿರ ಕೊಡಿ. 2 ಮಿ.ಮೀ. ಅಕ್ರಿಲಿಕ್‌ನಲ್ಲಿ ಲೇಸರ್‌ನಿಂದ ಕತ್ತರಿಸಿ ಕೊಡುತ್ತಾರೆ. ಒಂದು ಬೇಕಾದರೂ ನಾಲ್ಕು ಮಾಡಿಸಿಡಿ. ಗಾಜಿನ ಜಾಗಕ್ಕೂ ತೆಳು ಅಕ್ರಿಲಿಕ್ಕೇ ಹಾಕಿ, ಆದರೆ ಅದನ್ನು ಸೂಪರ್ ಗ್ಲೂನಿಂದ ಅಂಟಿಸಿದರೆ ಆವಿ ತಾಗಿ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಪಾರದರ್ಶಕ ಸಿಲಿಕೋನ್ ಸಣ್ಣ ಚುಕ್ಕೆ ಇಟ್ಟರೆ ಸಾಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಡಿಮೆ ಬೆಲೆ ಅಂತ ಹೇಳಿದರೆ ಒಪ್ಪಬೇಡಿ, ಒಂದೇ ಮಳೆಗೆ ಉಬ್ಬುತ್ತದೆ.

ಜಮಖಂಡಿಯಿಂದ:

ಒಳಗೆ ದೀಪ ಹಾಕೋ ಯೋಚನೆ ಇದ್ದರೆ ಬಣ್ಣಕ್ಕೆ ಮುಂಚೆ ಗೋಡೆಯ ಒಳಬದಿಗೆ ಕಪ್ಪು ಬಣ್ಣ ಹೊಡೆಯಿರಿ. ಇಲ್ಲದಿದ್ದರೆ ರಾತ್ರಿ ಇಡೀ ಗೋಡೆ ಲಾಟೀನಿನ ಹಾಗೆ ಹೊಳೆಯುತ್ತದೆ, ಕಿಟಕಿ ಕಾಣೋದಿಲ್ಲ. ಹಳೇ ಸಣ್ಣ ಬಲ್ಬ್ ಉಳಿದಿದ್ದರೆ ತೆಗೆದುಬಿಡಿ, ಶಾಖಕ್ಕೆ ಚಾವಣಿ ಕರಗಿದ್ದನ್ನು ನೋಡಿದ್ದೇನೆ. 12 ವೋಲ್ಟ್‌ಗೆ ಒಂದು ವಾರ್ಮ್ ವೈಟ್ ಎಲ್‌ಇಡಿ, ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್. ಸುಮಾರು 9 ಮಿಲಿಯಾಂಪ್ ಹರಿಯುತ್ತದೆ, ಸ್ಟೇಷನ್ ಮಾಸ್ಟರ್ ಕೋಣೆಗೆ ಬೇಕಾದಷ್ಟು ಬೆಳಕು.

ಬಾಗಲಕೋಟೆಯಿಂದ ಮತ್ತೆ:

ತುಂಬಾ ಉಪಕಾರ ಆಯ್ತು. ನಮ್ಮದೂ ಎರೆ ಮಣ್ಣೇ. ಇವತ್ತೇ ಗುಂಡಿ ತೆಗೆದು ಗರಸು ತುಂಬಿದೆವು. ಇನ್ನೊಂದು ಅನುಮಾನ. ಎಂಜಿನ್ ಪಕ್ಕಕ್ಕಿಟ್ಟರೆ ಕಟ್ಟಡ ಸರಿಯಾದ ಅಳತೆಯದಾ, ಸಣ್ಣದಾ ಅಂತ ಹೇಗೆ ತಿಳಿಯೋದು? ಮಗಳಿಗೆ ಅದನ್ನು ಆಲಮಟ್ಟಿ ಸ್ಟೇಷನ್ ಮಾಡಬೇಕಂತೆ.

ವಿಜಯಪುರದಿಂದ ಮತ್ತೆ:

ಬಾಗಿಲು ಅಳೆಯಿರಿ. ನಿಜವಾದ ಬಾಗಿಲು ಸುಮಾರು 2.1 ಮೀಟರ್ ಇರುತ್ತದೆ ಅಲ್ವಾ, ನಮ್ಮ ಈ ರೈಲು ಸಾಮಾನ್ಯವಾಗಿ ನಿಜದ್ದಕ್ಕಿಂತ 22.5 ಪಟ್ಟು ಸಣ್ಣದು, ಅದಕ್ಕೇ 22.5ರಿಂದ ಭಾಗಿಸಿದರೆ 93 ಮಿ.ಮೀ. ಅದರ ಹತ್ತಿರ ಇದ್ದರೆ 1:22.5 ಕಟ್ಟಡ. 66ರ ಆಸುಪಾಸು ಬಂದರೆ 1:32, ಅದನ್ನು ಹಳಿಯಿಂದ ದೂರ ಹಿಂದಕ್ಕಿಡಿ, ಕಣ್ಣಿಗೆ ಹೊಂದುತ್ತದೆ.

ಆಲಮಟ್ಟಿ ಅಂದಿದ್ದು ಓದಿ ನನಗೆ ಬಹಳ ಖುಷಿಯಾಯಿತು. ಜರ್ಮನಿಯ ಎಲ್‌ಜಿಬಿ ಬ್ರ್ಯಾಂಡ್ 1968ರಲ್ಲಿ 45 ಮಿ.ಮೀ. ಹಳಿಯ ಹಿತ್ತಲ ರೈಲು ತಂದದ್ದು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ರೈಲನ್ನು 22.5 ಪಟ್ಟು ಸಣ್ಣದು ಮಾಡಿ. ನಮ್ಮ ಗದಗ–ಹೊಟಗಿ ಹಾದಿಯೂ ಬ್ರಾಡ್‌ಗೇಜ್ ಆಗುವವರೆಗೆ ಮೀಟರ್ ಗೇಜೇ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಅಂದರೆ ನಿಮ್ಮ ಹಿತ್ತಲ ಹಳಿ ಮತ್ತು ಹಳೇ ಆಲಮಟ್ಟಿ ಹಳಿ ಲೆಕ್ಕಕ್ಕೆ ಸರಿಯಾಗಿ ಕೂಡುತ್ತವೆ. ನಮ್ಮಪ್ಪ ಬಾಗಲಕೋಟೆಗೆ ಆ ಸಣ್ಣ ರೈಲಲ್ಲೇ ಓಡಾಡಿದವರು, ನನ್ನ ಹಳಿ ನೋಡಿದಾಗೆಲ್ಲ ಆ ಮಾತೇ ತೆಗೆಯುತ್ತಾರೆ.

ಬಣ್ಣಕ್ಕೆ ಮೊದಲು ಪ್ರೈಮರ್, ಆಮೇಲೆ ಮ್ಯಾಟ್ ಸ್ಪ್ರೇ. ಒಂದೇ ಸಲ ದಪ್ಪಗೆ ಹೊಡೆದರೆ ಸ್ಪ್ರೇಯಲ್ಲಿರುವ ದ್ರವವೇ ಪ್ಲಾಸ್ಟಿಕ್ ಕಚ್ಚುತ್ತದೆ, ದೂರದಿಂದ ತೆಳುವಾಗಿ ಮೂರ್ನಾಲ್ಕು ಸಲ ಹೊಡೆಯಿರಿ. ಚಾವಣಿಗೆ ಕಡುಗಪ್ಪು ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಸೊಟ್ಟಗಾಗುತ್ತದೆ. ಹೆಂಚಿನ ಕೆಂಪು ಇರಲಿ.

ಹೆಸರಿನ ಹಲಗೆಗೆ ಹಳದಿ ಬಣ್ಣ, ಕಪ್ಪು ಅಕ್ಷರ. ರೇಡಿಯಂ ಸ್ಟಿಕರ್ ಅಂಗಡಿಯವರು ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಸಣ್ಣದಾಗಿ ಕತ್ತರಿಸಿ ಕೊಡುತ್ತಾರೆ. ಅಕ್ಷರ ಅಂಟಿಸಿದ ಮೇಲೆ ಯುವಿ ತಡೆಯುವ ಮ್ಯಾಟ್ ಕ್ಲಿಯರ್ (ಬಣ್ಣವಿಲ್ಲದ, ಹೊಳಪಿಲ್ಲದ ಸ್ಪ್ರೇ) ಹೊಡೆಯಿರಿ. ಮೊದಲು ಕ್ಲಿಯರ್ ಹೊಡೆದು ಆಮೇಲೆ ಅಂಟಿಸಿದರೆ 'ಆಲಮಟ್ಟಿ'ಯ ಒತ್ತಕ್ಷರ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಏಳುತ್ತದೆ, ಅದು ತೀರಾ ಸಣ್ಣದು.