ಅಪ್‌ಡೇಟ್: ಫ್ರೀಲ್ಯಾನ್ಸರ್ ಬರೆದ ಕೋಡ್ ಕಂಪನಿಯದ್ದಾಗೋದು ಹೇಗೆ

ಕಂಪನಿ ನೋಂದಣಿಗೆ ಮುಂಚೆ ಫ್ರೀಲ್ಯಾನ್ಸರ್ ಬರೆದುಕೊಟ್ಟ ಆ್ಯಪ್ ಕೋಡ್ ಯಾರದ್ದು ಅಂತ ಕೇಳಿದ್ದೆ. ಉತ್ತರ: ಬರೆದವರದ್ದೇ. ದುಡ್ಡು ಕೊಟ್ಟ ರಸೀದಿ ಇಲ್ಲಿ ಸಾಲದು. 1957ರ ಕಾಪಿರೈಟ್ ಕಾಯ್ದೆಯ ಕಲಂ 17ರಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಹೋಗುತ್ತೆ. ಫ್ರೀಲ್ಯಾನ್ಸರ್‌ನಂಥ ಗುತ್ತಿಗೆಯವರಿಗೆ ಅದು ಅನ್ವಯಿಸಲ್ಲ.

ಹಾಗಾಗಿ ಕಂಪನಿಯ ಹೆಸರಿಗೆ ಹಕ್ಕು ವರ್ಗಾವಣೆ ಪತ್ರ ಬೇಕು, ಬರಹದಲ್ಲಿ, ಸಹಿಯೊಂದಿಗೆ. ಅದರಲ್ಲಿ ರೆಪೊಸಿಟರಿ (ಕೋಡ್ ಇಟ್ಟಿರುವ ಸಂಗ್ರಹ) ಹೆಸರು, ಕೊನೆಯ ಕಮಿಟ್‌ನ ಹ್ಯಾಶ್ (ಕೋಡ್‌ನ ಆ ಆವೃತ್ತಿಯನ್ನು ಗುರುತಿಸುವ ಸಂಕೇತ), ಕೊಟ್ಟ ಮೊತ್ತ ಇರಲಿ. ಎಡವೋದು ಮುಂದಿನ ಸಾಲುಗಳಲ್ಲಿ: ಅವಧಿ ಬರೆಯದಿದ್ದರೆ ಬರೀ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. 1 ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ ವರ್ಗಾವಣೆಯೇ ಬಿದ್ದುಹೋಗುತ್ತೆ; ಇದು ಕಲಂ 19(4)ರ ನಿಯಮ, ಅದು ಅನ್ವಯಿಸದು ಅಂತ ಸ್ಪಷ್ಟವಾಗಿ ಬರೆಸಿ. ನೆಟ್‌ನಲ್ಲಿ ಸಿಗೋ ಅಮೆರಿಕದ 'ವರ್ಕ್ ಫಾರ್ ಹೈರ್' (ಬರೆಸಿದವರದ್ದೇ ಹಕ್ಕು ಎನ್ನುವ) ಒಪ್ಪಂದದ ಮಾದರಿ ನಂಬಬೇಡಿ, ಭಾರತದ ಕಾಯ್ದೆಗೆ ಬೇಕಾದ ಈ ಸಾಲುಗಳು ಸಾಮಾನ್ಯವಾಗಿ ಅದರಲ್ಲಿ ಇರಲ್ಲ.

ನೋಂದಣಿಗೆ ಮುಂಚೆ ಸ್ಥಾಪಕರೇ ಬರೆದ ಕೋಡ್‌ಗೂ ಇದೇ ಪತ್ರ. ಸ್ಥಾಪಕರೊಬ್ಬರು ಬಿಟ್ಟು ಹೊರಟ ಮೇಲೆ ಸಹಿ ಕೇಳೋದು ದುಬಾರಿ, ಷೇರು ಹಂಚುವ ದಿನವೇ ಮುಗಿಸಿ.

ಟ್ರೇಡ್‌ಮಾರ್ಕ್ ಅರ್ಜಿಯೂ ಕಂಪನಿ ಹೆಸರಲ್ಲೇ ಹೋಗಲಿ. ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ (ಸರಕು ಅಥವಾ ಸೇವೆಯ ಬಗೆಗೆ) ₹4,500, ಉಳಿದ ಕಂಪನಿಗಳಿಗೆ ₹9,000.