ಆಚೆ ಬಾಲ್ಕನಿಯ ಬೆಳಕು

ಚಿಕ್ಕಮ್ಮ: (ಫಾರ್ವರ್ಡ್) ಕೊರೊನಾ ಬರುವ ಮೊದಲೇ ಕೊರಿಯಾದವರಿಗೆ ಎಲ್ಲ ಗೊತ್ತಿತ್ತು!! ಮನೆಯೊಳಗೆ ಸಿಕ್ಕಿಕೊಂಡ ಹುಡುಗ. ಊಟ ಇಲ್ಲ, ನೀರಿಲ್ಲ. ‘ಅಲೈವ್’ ಸಿನಿಮಾ ತಪ್ಪದೇ ನೋಡಿ. 10 ಜನಕ್ಕೆ ಕಳಿಸಿ.

ಚಿಕ್ಕಮ್ಮ: ಇದೆಲ್ಲ ಮೊದಲೇ ಪ್ಲಾನ್ ಮಾಡಿದ್ದು ಅಂತ ನಾನು ಆವತ್ತೇ ಹೇಳಿದ್ದೆ. ಎರಡು ತಿಂಗಳಿಗೆ ಆಗುವಷ್ಟು ಅಕ್ಕಿ, ಬೇಳೆ ಮನೆಯಲ್ಲಿ ಇಟ್ಟುಕೊಂಡಿರಿ.

ಭಾವ: ಯಾರು ಹೇಳಿದ್ದು ಇದನ್ನು? ಆ ಸಿನಿಮಾ ಕೊರಿಯಾದಲ್ಲಿ ಬಿಡುಗಡೆಯಾಗಿದ್ದು 2020ರ ಜೂನ್ 24ಕ್ಕೆ. ನಮ್ಮಲ್ಲಿ ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 25ಕ್ಕೆ. ಮೂಲ ಕಥೆ ಅಮೆರಿಕದ ಮ್ಯಾಟ್ ನೇಲರ್ ಬರೆದದ್ದು. ಅದೇ ಕಥೆ ಅದೇ ವರ್ಷ ಇಂಗ್ಲಿಷ್‌ನಲ್ಲೂ ಸಿನಿಮಾ ಆಯಿತು.

ಚಿಕ್ಕಮ್ಮ: ಹಾಗಾದರೆ ರೋಗ ಬರುವ ಮೊದಲೇ ಬರೆದಿದ್ದರು ಅಂತಾಯಿತಲ್ಲ?

ಭಾವ: ಇದು ಜೊಂಬಿ ಸಿನಿಮಾ, ಜೀವಂತ ಹೆಣಗಳು ಅಟ್ಟಿಸಿಕೊಂಡು ಬರುವ ಕಥೆ. ಇಂಥದ್ದರಲ್ಲಿ ಜನ ಬಾಗಿಲು ಹಾಕಿಕೊಂಡು ಕೂರುವುದು ಯಾವತ್ತಿನಿಂದಲೂ ಇದ್ದದ್ದೇ. ಅದಕ್ಕೆ ಭವಿಷ್ಯ ಗೊತ್ತಿರಬೇಕಾಗಿಲ್ಲ.

ಚಿಕ್ಕಮ್ಮ: ನಾನು ಏನು ಹಾಕಿದರೂ ನಿಮಗೆ ಸುಳ್ಳು. ಕಷಾಯದ ವಿಷಯದಲ್ಲೂ ಎಲ್ಲರ ಮುಂದೆ ಹೀಗೇ ಮಾಡಿದಿರಿ.

ದೊಡ್ಡಪ್ಪ: ರೈಲಿನಲ್ಲಿ ಹೆಣಗಳು ಅಟ್ಟಿಸಿಕೊಂಡು ಬರುತ್ತವಲ್ಲ, ಅದೇ ತಾನೇ? ಮೊಮ್ಮಗ ಅದನ್ನು ನೋಡಿ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಗುಂಪಿನಲ್ಲಿ ಮಕ್ಕಳಿದ್ದಾರೆ. ಬೆಳಿಗ್ಗೆ ಎದ್ದು ಒಂದು ಒಳ್ಳೆ ಮಾತು ಹಾಕಿ. ಹಿರಿಯರ ಹತ್ತಿರ ವಾದ ಮಾಡುವುದೂ ಬೇಡ.

ತಮ್ಮ: ದೊಡ್ಡಪ್ಪ, ಅದು ಟ್ರೈನ್ ಟು ಬುಸಾನ್. 2016ರದ್ದು. ಇದರಲ್ಲಿ ರೈಲು ಇಲ್ಲ, ಸೋಲ್‌ನ ಒಂದು ಅಪಾರ್ಟ್‌ಮೆಂಟ್ ಅಷ್ಟೇ.

ಹಾಸನದ ಅಣ್ಣ: ಬಾಗಿಲು ಅಂದ ಕೂಡಲೇ ನೆನಪಾಯಿತು. ಅಜ್ಜಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿತ್ತು, ನೆನಪಿದೆಯಾ? ರಾತ್ರಿ ದೆವ್ವ ಬಂದು ಹೆಸರು ಹಿಡಿದು ಕೂಗುತ್ತದೆ ಅಂತ. ನಾವೆಲ್ಲ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಅಜ್ಜ ಸುಣ್ಣದಲ್ಲಿ ಬರೆದದ್ದು.

ಅತ್ತಿಗೆ: ಅಜ್ಜ ಅಲ್ಲ, ನಮ್ಮ ಮಾವ ಬರೆದದ್ದು. ಇದ್ದಿಲಲ್ಲಿ.

ಹಾಸನದ ಅಣ್ಣ: ಬರೆದವರು ಯಾರಾದರೂ ಆಗಲಿ, ಆ ಬಾಗಿಲು ಈಗ ಎಲ್ಲಿದೆ? ಮನೆ ಮಾರುವಾಗ ನಮ್ಮನ್ನು ಒಂದು ಮಾತು ಕೇಳಿದಿರಾ?

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಚಿಕ್ಕಮ್ಮ: ಯಾಕೆ ಬೇಡ? ನನ್ನನ್ನೂ ಯಾರೂ ಕೇಳಲಿಲ್ಲ.

ನಾನು: ಇಲ್ಲಿ ಎಷ್ಟು ಜನ ಆ ಸಿನಿಮಾ ನೋಡಿದ್ದೀರಿ? ನಾನು ಎರಡು ಸಲ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಫಾರ್ವರ್ಡ್ ಸುಳ್ಳು. ಆದರೆ ಸಿನಿಮಾ ನೋಡಿ. ಯೂ ಆ-ಇನ್ ಮಾಡಿರುವ ಹುಡುಗ ದಿನವಿಡೀ ಗೇಮ್ ಆಡುತ್ತಾ ಕೂತವನು. ಮನೆಯವರೆಲ್ಲ ಹೊರಗೆ ಹೋಗಿದ್ದಾರೆ. ಅಪ್ಪನಿಂದ ಮೆಸೇಜ್ ಬರುತ್ತದೆ, ಹೇಗಾದರೂ ಬದುಕಬೇಕು ಅಂತ. ಆಮೇಲೆ ನೆಟ್‌ವರ್ಕ್ ಹೋಗುತ್ತದೆ, ನಲ್ಲಿ ನೀರೂ ನಿಲ್ಲುತ್ತದೆ. ಫೋನ್‌ನಲ್ಲಿ ರೇಡಿಯೋ ಕೇಳಬಹುದು, ಆದರೆ ಅದಕ್ಕೆ ವೈರ್ ಇರುವ ಇಯರ್‌ಫೋನ್ ಬೇಕು. ವೈರೇ ಅಲ್ಲಿ ಆಂಟೆನಾ. ಇವನ ಹತ್ತಿರ ಇರುವುದು ವೈರ್ ಇಲ್ಲದ್ದು! ಆ ಹುಡುಕಾಟ ನೋಡುವಾಗ ನನಗೆ ಜೊಂಬಿಗಿಂತ ಜಾಸ್ತಿ ಭಯವಾಯಿತು.

ನಾನು: ಇನ್ನು ಸಾಕು, ಯಾರೂ ಉಳಿದಿಲ್ಲ ಅಂತ ಅವನು ಜೀವದ ಆಸೆಯನ್ನೇ ಬಿಟ್ಟಾಗ ಮೈಮೇಲೆ ಒಂದು ಬೆಳಕಿನ ಚುಕ್ಕಿ ಬೀಳುತ್ತದೆ. ಎದುರು ಕಟ್ಟಡದಿಂದ ಒಬ್ಬ ಹುಡುಗಿ ಲೇಸರ್ ಬಿಡುತ್ತಿದ್ದಾಳೆ. ಆ ಪಾತ್ರ ಮಾಡಿರುವುದು ಪಾರ್ಕ್ ಶಿನ್-ಹೆ. ಆಮೇಲೆ ಇವನು ಡ್ರೋನ್‌ನಲ್ಲಿ ಹಗ್ಗ ಕಳಿಸುತ್ತಾನೆ. ಆ ಹಗ್ಗದಲ್ಲಿ ಊಟ ಬರುತ್ತದೆ. ಕೊರಿಯಾದಲ್ಲಿ ನಮ್ಮ ಥರ ದೇಶಪೂರ್ತಿ ಲಾಕ್‌ಡೌನ್ ಇರಲಿಲ್ಲ, ಥಿಯೇಟರ್ ತೆರೆದಿದ್ದವು. ಮಾಸ್ಕ್ ಹಾಕಿಕೊಂಡು ಕೂತು ಐದು ದಿನದಲ್ಲಿ 10 ಲಕ್ಷ ಜನ ಇದನ್ನು ನೋಡಿದರು. ನಾವು ನೋಡಿದ್ದು ಸೆಪ್ಟೆಂಬರ್‌ನಲ್ಲಿ, ನೆಟ್‌ಫ್ಲಿಕ್ಸ್‌ಗೆ ಬಂದಾಗ.

ಭಾವ: ಡ್ರೋನ್ ದೃಶ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಕೊನೆ ಮಾತ್ರ ಅವಸರದಲ್ಲಿ ಮುಗಿಸಿದ್ದಾರೆ.

ನಾನು: ಕೊನೆ ಹಾಗೇ, ನಿಜ. ಎಂಟನೇ ಮಹಡಿಯ ಭಾಗ ನನಗೂ ಅಷ್ಟಕ್ಕಷ್ಟೇ. ಆದರೆ ಆ ಚುಕ್ಕಿಗಾಗಿ ನೋಡಿ.

ಶಿವಮೊಗ್ಗದ ಅತ್ತೆ: ಲಾಕ್‌ಡೌನ್‌ನ ಆ ಎರಡು ತಿಂಗಳು ನಾನೊಬ್ಬಳೇ ಇದ್ದೆ. ಎದುರು ಮನೆಯವರು ರಾತ್ರಿ ಮಲಗುವ ಮುಂಚೆ ಜಗಲಿಯ ಲೈಟ್ ಎರಡು ಸಲ ಆರಿಸಿ ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ. ಒಂದು ದಿನ ನಾನು ಹಾಕಲಿಲ್ಲ, ಜ್ವರ. ಗೇಟ್ ಹತ್ತಿರ ಬಂದು ಕೂಗಿದರು. ಗಂಜಿ ಇಟ್ಟು ಹೋದರು.

ದೊಡ್ಡಪ್ಪ: ಜ್ವರ ಬಂದಿದ್ದು ನನಗೆ ಯಾಕೆ ಹೇಳಲಿಲ್ಲ ನೀನು?

ಶಿವಮೊಗ್ಗದ ಅತ್ತೆ: ಆಗ ಮನೆ ಮಾರಾಟದ ಗಲಾಟೆ ಅಲ್ವಾ ಅಣ್ಣ. ನೀನು ನನ್ನ ಹತ್ತಿರ ಮಾತು ಬಿಟ್ಟಿದ್ದೆ.

ಹಾಸನದ ಅಣ್ಣ: ಅತ್ತೆ, ನನಗೂ ಗೊತ್ತಿರಲಿಲ್ಲ.

ಶಿವಮೊಗ್ಗದ ಅತ್ತೆ: ಇರಲಿ ಬಿಡು. ಆ ಸಿನಿಮಾ ಎಷ್ಟು ಹೊತ್ತು ಇದೆ? ಜಾಸ್ತಿ ರಕ್ತ ಇದೆಯಾ?

ನಾನು: 98 ನಿಮಿಷ ಅತ್ತೆ. ರಕ್ತ ಇದೆ. ಶನಿವಾರ ಲ್ಯಾಪ್‌ಟಾಪ್ ತರುತ್ತೇನೆ. ಆ ಕಡೆ ಬಂದಾಗ ನಾನೇ ಮುಂದೆ ಓಡಿಸುತ್ತೇನೆ.

ದೊಡ್ಡಪ್ಪ: ಶನಿವಾರ ಎಷ್ಟು ಗಂಟೆ ಬಸ್ಸಿಗೆ ಹೊರಡುತ್ತೀಯಾ? ನಾನೂ ಬರುತ್ತೇನೆ.