ಪರ್ತ್‌ನ ಕರಿ ಕಾಕಟೂಗಳು ಇದ್ದಕ್ಕಿದ್ದಂತೆ ಎಲ್ಲಿ ಹೋದವು?

ಪರ್ತ್‌ವಾಸಿ:
ನಮ್ಮ ಮನೆ ಮುಂದೆ ಒಂದು ಬ್ಯಾಂಕ್ಸಿಯಾ ಮರ ಇದೆ. ಜನವರಿಯಿಂದ ದಿನಾ ಬೆಳಿಗ್ಗೆ ಹತ್ತು ಹನ್ನೆರಡು ಕರಿ ಕಾಕಟೂಗಳು (ಗಿಣಿಯ ಜಾತಿಯ ದೊಡ್ಡ ಹಕ್ಕಿ) ಬರುತ್ತಿದ್ದವು. ಬಾಲದಲ್ಲಿ ಬಿಳಿ ಪಟ್ಟಿ, ಕೆನ್ನೆ ಮೇಲೆ ಬಿಳಿ ಮಚ್ಚೆ. ಕಾಯಿ ಸೀಳಿ ಬೀಜ ತಿನ್ನುವುದು, ಚೂರನ್ನೆಲ್ಲ ನನ್ನ ಕಾರಿನ ಮೇಲೆ ಉದುರಿಸುವುದು. ಶಿರಸಿಯಿಂದ ಬಂದಿದ್ದ ಅಮ್ಮ, "ತಿನ್ನೋದಕ್ಕಿಂತ ಹಾಳು ಮಾಡೋದೇ ಜಾಸ್ತಿ, ಥೇಟ್ ನಮ್ಮ ತೋಟದ ಮಂಗಗಳು" ಎಂದು ಬೈಯುತ್ತಲೇ ಕಾಫಿ ಹಿಡಿದು ಕಾಯುತ್ತಿದ್ದರು. ಈಗ ಜುಲೈ. ಎರಡು ವಾರದಿಂದ ಒಂದೂ ಇಲ್ಲ. ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾರೆ.

ಗೋಧಿಸೀಮೆ:
ನಿಮ್ಮ ಹಕ್ಕಿಗಳು ನಮ್ಮ ಕಡೆ ಬಂದಿವೆ! ಅವು ಕಾರ್ನಬಿ ಕಾಕಟೂ ಇರಬೇಕು. ಆಸ್ಟ್ರೇಲಿಯಾದ ನೈಋತ್ಯ ಮೂಲೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರಿ ಮಾಡಲು ಒಳನಾಡಿನ ಈ ವೀಟ್‌ಬೆಲ್ಟ್‌ಗೆ, ಅಂದರೆ ಗೋಧಿ ಬೆಳೆಯುವ ಸೀಮೆಗೆ ಬರುತ್ತವೆ, ಬೇಸಿಗೆ (ಇಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ) ಹೊತ್ತಿಗೆ ಕರಾವಳಿಗೆ ವಾಪಸ್. ಗೂಡಿಗೆ ಸ್ಯಾಮನ್ ಗಮ್, ವಾಂಡೂ ಥರದ ಹಳೇ ಮರದ ಪೊಟರೆಯೇ ಬೇಕು. ಅಷ್ಟು ದೊಡ್ಡ ಪೊಟರೆ ಆಗಲು 100 ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಇಲ್ಲಿ ಗೋಧಿ ಬೆಳೆಯಲು ಕಾಡನ್ನು ಬಹುಪಾಲು ಕಡಿದಿದ್ದಾರೆ. ಪೊಟರೆ ಉಳಿದ ಕಡೆ ಹತ್ತಿರದಲ್ಲಿ ಮೇವಿಲ್ಲ. ಎರಡು ಮೊಟ್ಟೆ ಇಟ್ಟರೂ ಸಾಮಾನ್ಯವಾಗಿ ಬದುಕುವುದು ಒಂದೇ ಮರಿ. ಈಗ ಮರಗಳಿಗೆ ಕೊಳವೆಯಂಥ ಗೂಡು ಕಟ್ಟಿ ಕೊಡುತ್ತಾರೆ. ಪಾಪ, ಅದರಲ್ಲೂ ಸಂಸಾರ ಹೂಡುತ್ತವೆ.

ಕೊಕ್ಕುನೋಡಿ:
ಒಂದು ನಿಮಿಷ. ಬಾಡಿನ್ ಕಾಕಟೂಗೂ ಬಾಲ ಬಿಳಿಯೇ. ಅದರ ಕೊಕ್ಕು ಉದ್ದ, ಸಪೂರ. ಮ್ಯಾರಿ ಮರದ ಗಟ್ಟಿ ಕಾಯಿಯಿಂದ ಬೀಜ ಎಳೆಯಲು ಅನುಕೂಲ. ಕಾರ್ನಬಿಯದು ಗಿಡ್ಡ, ಅಗಲ. ಫೋಟೋ ಇದೆಯಾ?

ಪರ್ತ್‌ವಾಸಿ:
ಇದೆ, ನೋಡಿದೆ. ಗಿಡ್ಡ ಕೊಕ್ಕೇ. ಒಂದರ ಕಣ್ಣಿನ ಸುತ್ತ ಗುಲಾಬಿ ಬಣ್ಣ.

ಕೊಕ್ಕುನೋಡಿ:
ಕಾರ್ನಬಿಯೇ. ಗುಲಾಬಿ ಕಣ್ಣಿನದು ಗಂಡು.

ಪರ್ತ್‌ವಾಸಿ:
ಈಗ ಹೇಳಿಬಿಡುತ್ತೇನೆ, ಬೈಯಬೇಡಿ. ಕಾರಿನ ಮೇಲೆ ಬೀಳುವ ಚೂರಿಗೆ ಬೇಸತ್ತು ಮರ ಕಡಿಸಬೇಕೆಂದಿದ್ದೆ, ಶನಿವಾರ ಜನ ಬರುವವರಿದ್ದರು. ಬೇಡ ಎಂದು ಫೋನ್ ಮಾಡಿದೆ. ಕಾರು ಇನ್ನು ಮೇಲೆ ರಸ್ತೆ ಬದಿಗೆ. ಅಮ್ಮನಿಗೆ "ಬಾಣಂತನಕ್ಕೆ ತವರಿಗೆ ಹೋಗಿವೆ" ಎಂದೆ. "ಹಾಗಾದ್ರೆ ಸರಿ. ಮರೀನೂ ಕರ್ಕೊಂಡು ಬರ್ತವಾ?" ಎಂದು ಕೇಳುತ್ತಿದ್ದಾರೆ.

ಗೋಧಿಸೀಮೆ:
ಬರುತ್ತವೆ. ಮರಿ ಹಾರಲು ಕಲಿತ ಮೇಲೂ ಅಪ್ಪ ಅಮ್ಮನ ಜೊತೆಗೇ ಇರುತ್ತದೆ. ಜನವರಿಯಲ್ಲಿ ಕಿವಿಗೊಡಿ, ಊಟ ಕೇಳಿ ಒಂದೇ ಸಮ ಕಿರುಚುವುದೇ ಮರಿ.